ಕೇಳಲಿಲ್ಲ, ಹೇಳಲಿಲ್ಲ



ಕೆಲವು ವರ್ಷಗಳ ಹಿಂದಿನ ಮಾತು. ಒಂದು ಭಾನುವಾರದ ಸಂಜೆ ಜಪಸರ ಪ್ರಾರ್ಥನೆ ಮುಗಿದ ಮೇಲೆ, ನಾನು ಆಗ ಸೇವೆ ಸಲ್ಲಿಸುತ್ತಿದ್ದ ಧರ್ಮಕೇಂದ್ರದ ಹಿರಿಯರೊಬ್ಬರು ಗುರುನಿವಾಸದ ಜಗಲಿಗೆ ಬಂದು ಕುಳಿತರು. ಸರ್ಕಾರಿ ಸೇವೆಯಿಂದ ನಿವೃತ್ತರಾದವರು, ಯಾರ ಬಳಿಯೂ ಒಂದು ರೂಪಾಯಿ ಬಾಕಿ ಉಳಿಸಿಕೊಂಡವರಲ್ಲ. "ಸ್ವಾಮಿ, ಇದು ಪಾಪನಿವೇದನೆಯಲ್ಲ. ಸುಮ್ಮನೆ ಒಂದು ಸಲಹೆ ಕೇಳೋಣವೆಂದು ಬಂದೆ" ಎಂದು ಪೀಠಿಕೆ ಹಾಕಿದರು. ಅವರ ಅನುಮತಿಯನ್ನು ಪಡೆದೇ, ಹೆಸರು ಊರುಗಳನ್ನು ಬಿಟ್ಟು, ಆ ಸಂಜೆಯ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರು ಮನೆಯ ಕಾರನ್ನು ಮಾರಲು ಹೊರಟಿದ್ದರು. ನಾಲ್ಕು ವರ್ಷಗಳ ಹಿಂದೆ ಪರಿಚಿತರ ಪರಿಚಿತರೊಬ್ಬರಿಂದ ಕೊಂಡ ಹಳೆಯ ಕಾರು ಅದು. ಕೊಂಡ ಒಂದು ವರ್ಷಕ್ಕೆ ಏನೋ ದುರಸ್ತಿಗೆಂದು ಗ್ಯಾರೇಜಿಗೆ ಬಿಟ್ಟಾಗ ಮೆಕ್ಯಾನಿಕ್ ಒಂದು ಸಂಗತಿಯನ್ನು ತೋರಿಸಿದನಂತೆ. ಗಾಡಿ ಹಿಂದೆಂದೋ ದೊಡ್ಡ ಅಪಘಾತಕ್ಕೆ ಸಿಕ್ಕಿತ್ತು. ಅಪಘಾತದ ಕ್ಷಣದಲ್ಲಿ ಉಬ್ಬಿ ಎದೆ ತಲೆಗಳನ್ನು ಕಾಪಾಡುವ ಏರ್‌ಬ್ಯಾಗು ಆಗಲೇ ಬಿಚ್ಚಿಕೊಂಡು ಮುಗಿದಿತ್ತು. ಹೊಸದನ್ನು ಹಾಕಿಸದೆ, ಮೇಲೆ ಮುಚ್ಚಳವನ್ನು ಮಾತ್ರ ಅಂಟಿಸಿ, ಎಚ್ಚರಿಕೆಯ ದೀಪದ ತಂತಿಯನ್ನು ಕಿತ್ತು ಹಾಕಿದ್ದರು. ಹಿರಿಯರು ಹಾಗೆಯೇ ಮೂರು ವರ್ಷ ಓಡಿಸಿದರು. ಈಗ ನಮ್ಮದೇ ಧರ್ಮಕೇಂದ್ರದ ಯುವ ದಂಪತಿ 3,20,000 ರೂಪಾಯಿಗೆ ಒಪ್ಪಿದ್ದಾರೆ. ಆರು ತಿಂಗಳ ಕೂಸಿದೆ. ಮಳೆಯಲ್ಲಿ ಮಗುವನ್ನು ಸ್ಕೂಟರಿನಲ್ಲಿ ಕರೆದೊಯ್ಯಲಾಗದು ಎಂದೇ ಕಾರು ಕೊಳ್ಳುತ್ತಿದ್ದಾರೆ. ಶನಿವಾರ ಮುಂಗಡ ಕೊಡುವ ಮಾತಾಗಿದೆ.

"ಅವರು ಬಣ್ಣ ನೋಡಿದರು, ಸೀಟು ನೋಡಿದರು, ಮೈಲೇಜು ಕೇಳಿದರು. ಇದನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಒಂದೇ ಒಂದು ಸುಳ್ಳನ್ನೂ ಆಡಿಲ್ಲ ಸ್ವಾಮಿ. ನನಗೂ ಯಾರೂ ಹೇಳಿರಲಿಲ್ಲವಲ್ಲ! ಇದು ತಪ್ಪೇ?"

ಬಂಧುಗಳೇ, ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬೇಡಿ. 'ಮಾತು ಬೆಳ್ಳಿ, ಮೌನ ಬಂಗಾರ' ಎಂದು ನಾವೇ ಮಕ್ಕಳಿಗೆ ಕಲಿಸುತ್ತೇವೆ. ಕಾರಾಗಲಿ, ಎಮ್ಮೆಯಾಗಲಿ, ಮನೆಯಾಗಲಿ, ಮಾರುವ ದಿನ ನಮ್ಮಲ್ಲಿ ಬಹುಪಾಲು ಜನ ಈ ಮೌನದ ಬಂಗಾರವನ್ನು ಒಂದಿಷ್ಟಾದರೂ ಕಿಸೆಗೆ ಹಾಕಿಕೊಂಡವರೇ. ಆದ್ದರಿಂದ ಪ್ರಶ್ನೆ ಆ ಹಿರಿಯರದು ಮಾತ್ರವಲ್ಲ.

ಕಾನೂನು ಏನನ್ನುತ್ತದೆ?

ಮೊದಲಿಗೆ ನಾಡಿನ ಕಾನೂನನ್ನೇ ನೋಡೋಣ. 1930ರ ಸರಕು ಮಾರಾಟ ಕಾಯಿದೆಯ 16ನೆಯ ಕಲಮು ಹಳೆಯ ಒಂದು ನಿಯಮವನ್ನು ಉಳಿಸಿಕೊಂಡಿದೆ: ಕೊಳ್ಳುವವನೇ ಎಚ್ಚರದಿಂದಿರಬೇಕು. ವ್ಯಾಪಾರವನ್ನೇ ವೃತ್ತಿಯಾಗಿ ಮಾಡುವವನಿಗೆ ಕೆಲವು ಹೆಚ್ಚಿನ ಹೊಣೆಗಳುಂಟು. ಆದರೆ ತನ್ನ ಮನೆಯ ಒಂದು ಹಳೆಯ ವಸ್ತುವನ್ನು ಮಾರುವ ಖಾಸಗಿ ವ್ಯಕ್ತಿಯ ಮೇಲೆ ಕಾನೂನು ಅಷ್ಟು ಭಾರ ಹೊರಿಸುವುದಿಲ್ಲ.

1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮು ವಂಚನೆ ಎಂದರೇನೆಂದು ವಿವರಿಸುತ್ತದೆ. ಬರೀ ಮೌನವು ಸಾಮಾನ್ಯವಾಗಿ ವಂಚನೆಯಾಗದು ಎಂಬುದು ಅದರ ಮತ. ಅಲ್ಲಿ ಕೊಟ್ಟಿರುವ ಉದಾಹರಣೆಗಳು ಸ್ವಾರಸ್ಯವಾಗಿವೆ. ಒಬ್ಬನು ಹರಾಜಿನಲ್ಲಿ ಕುದುರೆಯನ್ನು ಮಾರುತ್ತಾನೆ. ಅದಕ್ಕೆ ರೋಗವಿರುವುದು ಅವನಿಗೆ ಗೊತ್ತು, ಆದರೆ ಏನನ್ನೂ ಹೇಳುವುದಿಲ್ಲ. ಇದು ವಂಚನೆಯಲ್ಲ. ಮರುಸಾಲಿನಲ್ಲೇ ಎರಡನೆಯ ಉದಾಹರಣೆ ಬರುತ್ತದೆ. ಕುದುರೆ ಅದೇ, ಮಾರುವವನೂ ಅವನೇ. ಆದರೆ ಕೊಳ್ಳುವವಳು ಅವನ ಸ್ವಂತ ಮಗಳು, ಈಗಷ್ಟೇ ಪ್ರಾಪ್ತ ವಯಸ್ಸಿಗೆ ಬಂದವಳು. ಆಗ ಕುದುರೆಯ ದೋಷವನ್ನು ಹೇಳುವುದು ಅವನ ಕರ್ತವ್ಯವಾಗುತ್ತದೆ.

ಸುಮಾರು ಒಂದೂವರೆ ಶತಮಾನದ ಹಿಂದೆ ಬರೆದ ಈ ಎರಡು ಸಾಲುಗಳ ಮುಂದೆ ನಾನು ಅನೇಕ ಸಲ ನಿಂತು ಯೋಚಿಸಿದ್ದೇನೆ. ಕುದುರೆಯ ರೋಗ ಬದಲಾಗಲಿಲ್ಲ. ಎದುರಿಗೆ ನಿಂತ ಮುಖ ಮಾತ್ರ ಬದಲಾಯಿತು. ಪರಕೀಯನಾದರೆ ಬಾಯಿ ಮುಚ್ಚಬಹುದು, ಮಗಳಾದರೆ ಮುಚ್ಚಬಾರದು. ಹಾಗಾದರೆ ನಮ್ಮ ನಿಜವಾದ ಪ್ರಶ್ನೆ ಕುದುರೆಯದಲ್ಲ, ಕಾರಿನದೂ ಅಲ್ಲ. ಎದುರಿಗಿರುವವರು ನನಗೆ ಯಾರು ಎಂಬುದೇ ಪ್ರಶ್ನೆ. ಇದೇ ಪ್ರಶ್ನೆಯನ್ನು ಧರ್ಮಶಾಸ್ತ್ರಿಯೊಬ್ಬ ಪ್ರಭು ಯೇಸುವಿನ ಮುಂದೆ ಇಟ್ಟಾಗ, ಅವರು ಸಮಾರಿಯದವನ ಸಾಮತಿಯನ್ನು ಹೇಳಿ ಉತ್ತರಿಸಿದರೆಂಬುದನ್ನು ತಾವು ಬಲ್ಲಿರಿ.

ಹಿರಿಯರ ಚಿಂತನೆ

ಕ್ರಿಸ್ತ ಪೂರ್ವ 44ರಲ್ಲಿ ರೋಮಿನ ಸಿಸೆರೊ ತನ್ನ ಮಗನಿಗಾಗಿ ಕರ್ತವ್ಯಗಳನ್ನು ಕುರಿತು ಒಂದು ಗ್ರಂಥ ಬರೆದನು. ಅದರ ಮೂರನೆಯ ಭಾಗದಲ್ಲಿ ಇಂಥದೇ ಚರ್ಚೆಯಿದೆ. ರೋಡ್ಸ್ ದ್ವೀಪದಲ್ಲಿ ಬರಗಾಲ. ಅಲೆಕ್ಸಾಂಡ್ರಿಯದಿಂದ ಧಾನ್ಯದ ಹಡಗೊಂದು ಬರುತ್ತದೆ. ಹಿಂದೆ ಇನ್ನೂ ಹಲವು ಹಡಗುಗಳು ಬರುತ್ತಿರುವುದು ಆ ವರ್ತಕನಿಗೆ ಗೊತ್ತು. ಹೇಳಿದರೆ ಬೆಲೆ ಇಳಿಯುತ್ತದೆ. ಹೇಳಬೇಕೇ? ಇನ್ನೊಂದು ಪ್ರಸಂಗದಲ್ಲಿ ಒಳಗೆ ಕೆಟ್ಟಿರುವ ಮನೆಯೊಂದನ್ನು ಮಾರಲಾಗುತ್ತಿದೆ, ದೋಷ ಗೊತ್ತಿರುವುದು ಒಡೆಯನಿಗೊಬ್ಬನಿಗೇ. ಬಾಬಿಲೋನಿನ ಡಯೋಜಿನಿಸ್ ಎಂಬ ತತ್ವಜ್ಞಾನಿ, ಹೇಳದಿರುವುದು ಬೇರೆ, ಮರೆಮಾಚುವುದು ಬೇರೆ ಎಂದು ವಾದಿಸಿದ. ಅವನ ಶಿಷ್ಯ ಆಂಟಿಪೇಟರ್ ಅದನ್ನು ಒಪ್ಪಲಿಲ್ಲ. ಮನುಷ್ಯರೆಲ್ಲರೂ ಒಂದೇ ಸಮಾಜದ ಬಂಧುಗಳಾಗಿರುವಾಗ ಒಬ್ಬನಿಗೆ ತಿಳಿಯಬೇಕಾದುದನ್ನು ಇನ್ನೊಬ್ಬನು ಬಚ್ಚಿಡಬಾರದು ಎಂಬುದು ಅವನ ನಿಲುವು. ಸಿಸೆರೊ ನಿಂತದ್ದು ಆಂಟಿಪೇಟರನ ಪಕ್ಷದಲ್ಲಿ.

ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರ ಸಂಗ್ರಹದ 77ನೆಯ ಪ್ರಶ್ನೆಯಲ್ಲಿ ಕೊಡುಕೊಳ್ಳುವಿಕೆಯ ವಂಚನೆಯನ್ನು ಇನ್ನೂ ಬಿಡಿಸಿ ನೋಡಿದರು. ಗುರುಮಠದಲ್ಲಿ ಇದನ್ನು ಓದುವಾಗ ಅಲ್ಲಿ ಬರುವ ಕುಂಟು ಕುದುರೆ, ಒಕ್ಕಣ್ಣಿನ ಕುದುರೆಗಳು ನಮಗೆ ನಗೆ ತರಿಸಿದ್ದವು. ಈಗ ನಗು ಬರುವುದಿಲ್ಲ. ದೋಷವು ಎದ್ದು ಕಾಣುವಂತಿದ್ದರೆ, ಅದಕ್ಕೆ ತಕ್ಕಂತೆ ಬೆಲೆಯನ್ನೂ ಇಳಿಸಿದ್ದರೆ, ಮಾರುವವನು ಅದನ್ನು ಸಾರಬೇಕಾಗಿಲ್ಲ. ಕುದುರೆಗೆ ಒಂದೇ ಕಣ್ಣಿರುವುದನ್ನು ಯಾರೂ ನೋಡಬಲ್ಲರು. ಆದರೆ ದೋಷ ಗುಪ್ತವಾಗಿದ್ದು, ಅದರಿಂದ ಕೊಳ್ಳುವವನಿಗೆ ನಷ್ಟವೋ ಅಪಾಯವೋ ಆಗುವಂತಿದ್ದರೆ, ಹೇಳಲೇಬೇಕು. ಕುಂಟುವ ಕುದುರೆಯನ್ನು ವೇಗದ ಕುದುರೆಯೆಂದು, ಕುಸಿಯುವ ಮನೆಯನ್ನು ಭದ್ರವೆಂದು, ಕೆಟ್ಟ ಆಹಾರವನ್ನು ಒಳ್ಳೆಯದೆಂದು ಮಾರುವುದು ಅನ್ಯಾಯ.

ಈ ಅಳತೆಗೋಲನ್ನು ಹಿರಿಯರ ಕಾರಿಗೆ ಹಿಡಿದು ನೋಡಿ. ಬಾಗಿಲಿನ ಗೀರು, ಸವೆದ ಟೈರು ಒಕ್ಕಣ್ಣಿನ ಕುದುರೆಯಂತೆ. ಕೊಳ್ಳುವವನ ಕಣ್ಣಿಗೆ ಕಾಣುತ್ತವೆ, ಚೌಕಾಸಿಯಲ್ಲಿ ಲೆಕ್ಕಕ್ಕೆ ಬರುತ್ತವೆ. ಮುಚ್ಚಳದ ಹಿಂದೆ ಇಲ್ಲದ ಏರ್‌ಬ್ಯಾಗು ಹಾಗಲ್ಲ. ಅದು ಗುಪ್ತವೂ ಹೌದು, ಪ್ರಾಣಾಪಾಯವೂ ಹೌದು.

'ನನಗೂ ಹೇಳಿರಲಿಲ್ಲ'

ಹಿರಿಯರ ಮಾತಿನಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಕೊನೆಯ ವಾಕ್ಯ. ಅವರೂ ಮೋಸಹೋದವರೇ. ಮೋಸಹೋದವನಿಗೆ ಆ ನಷ್ಟವನ್ನು ಮುಂದಿನವನಿಗೆ ದಾಟಿಸುವ ಹಕ್ಕಿದೆಯೇ?

ಅಕ್ವಿನಾಸರು ಇದಕ್ಕೂ ದಾರಿ ತೋರಿಸಿದ್ದಾರೆ. ದೋಷವನ್ನು ಅರಿಯದೆ ಮಾರಿದವನು ಪಾಪಿಯಲ್ಲ. ಆದರೆ ಅರಿವಾದ ಮೇಲೆ ನಷ್ಟವನ್ನು ತುಂಬಿಕೊಡುವ ಹೊಣೆ ಅವನದು. ಹಾಗಾದರೆ ನಮ್ಮ ಹಿರಿಯರು ಹಣ ಕೇಳಬೇಕಾದದ್ದು ತಮಗೆ ಮಾರಿದವನ ಬಳಿ, ಅದರಲ್ಲಿ ಪಾಲಿಲ್ಲದ ದಂಪತಿಯ ಬಳಿಯಲ್ಲ. ಕೈಗೆ ಬಂದ ಖೋಟಾ ನೋಟನ್ನು ಸಂತೆಯ ಗದ್ದಲದಲ್ಲಿ ಕುರುಡನ ಕೈಗೆ ದಾಟಿಸಿದರೆ, ನೋಟನ್ನು ಮುದ್ರಿಸಿದವನು ನಾನಲ್ಲ ಎಂಬ ಮಾತು ನಿಜವೇ. ಆದರೂ ಕುರುಡನಿಗೆ ಮೋಸಮಾಡಿದವನು ನಾನೇ.

ಈ ದಾಟಿಸುವಿಕೆಯ ಪರಿಣಾಮವನ್ನು ಅರ್ಥಶಾಸ್ತ್ರಜ್ಞರೂ ಕಂಡುಕೊಂಡಿದ್ದಾರೆ. ಅಮೆರಿಕದ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಪ್ರಬಂಧವೊಂದನ್ನು ಪ್ರಕಟಿಸಿದರು. ಇಂಥ ಸಂಶೋಧನೆಗಾಗಿ 2001ರಲ್ಲಿ ಇನ್ನಿಬ್ಬರೊಡನೆ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಬಂತು. ಅವರ ವಾದ ಸರಳ. ಗಾಡಿಯ ಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಒಳ್ಳೆಯದಾವುದು ಕೆಟ್ಟದ್ದಾವುದು ತಿಳಿಯದ ಕಾರಣ ಕೊಳ್ಳುವವನು ಎಲ್ಲಕ್ಕೂ ನಡುವಣ ಬೆಲೆಯನ್ನಷ್ಟೇ ಕೊಡುತ್ತಾನೆ. ಚೆನ್ನಾಗಿ ನೋಡಿಕೊಂಡ ಕಾರಿನ ಒಡೆಯನಿಗೆ ಆ ಬೆಲೆ ಗಿಟ್ಟದು, ಅವನು ಮಾರುಕಟ್ಟೆಯಿಂದ ಹಿಂದೆ ಸರಿಯುತ್ತಾನೆ. ಉಳಿಯುವುದು ಹೆಚ್ಚುಹೆಚ್ಚಾಗಿ ಕೆಟ್ಟ ಕಾರುಗಳೇ. ಅಂದರೆ ನಾವು ಬಚ್ಚಿಟ್ಟ ಒಂದು ದೋಷವು ಕೊಂಡವನ ಜೊತೆಗೆ, ನಾಳೆ ನಿಜ ಹೇಳಿ ಮಾರುವ ಪ್ರಾಮಾಣಿಕನ ಜೇಬಿಗೂ ಕೈಹಾಕುತ್ತದೆ. ಅವನ ನಿಜವನ್ನು ಯಾರೂ ನಂಬದಂತಾಗುತ್ತದೆ.

ಕೊಳ್ಳುವವರ ಧರ್ಮ

ಇಷ್ಟು ಹೇಳಿದ ಮಾತ್ರಕ್ಕೆ ಕೊಳ್ಳುವವರು ಕಣ್ಣು ಮುಚ್ಚಿಕೊಳ್ಳಬಹುದೆಂದಲ್ಲ. 'ಪೂಜೆಗೆ ಬರುವವರು, ನಮ್ಮವರೇ ಅಲ್ಲವೇ, ಕಾಗದಪತ್ರ ಏಕೆ?' ಎಂಬ ಮಾತನ್ನು ನಮ್ಮ ಕುಟುಂಬಗಳಲ್ಲಿ ಆಗಾಗ ಕೇಳುತ್ತೇನೆ. ಪ್ರವಾದಿ ಯೆರೆಮೀಯನ ಗ್ರಂಥದ 32ನೆಯ ಅಧ್ಯಾಯವನ್ನು ತೆರೆದು ನೋಡಿ. ಪ್ರವಾದಿ ಅನಾತೋತಿನ ಹೊಲವನ್ನು ಕೊಂಡದ್ದು ಯಾರಿಂದ? ಸ್ವಂತ ಚಿಕ್ಕಪ್ಪನ ಮಗನಿಂದ. ಆದರೂ ಹದಿನೇಳು ಬೆಳ್ಳಿ ನಾಣ್ಯಗಳನ್ನು ತಕ್ಕಡಿಯಲ್ಲಿ ತೂಗಿಕೊಟ್ಟ, ಪತ್ರಕ್ಕೆ ಸಹಿ ಹಾಕಿದ, ಮುದ್ರೆ ಒತ್ತಿದ, ಸಾಕ್ಷಿಗಳನ್ನು ನಿಲ್ಲಿಸಿದ, ಮುದ್ರೆಯ ಪ್ರತಿ ತೆರೆದ ಪ್ರತಿ ಎರಡನ್ನೂ ಮಣ್ಣಿನ ಪಾತ್ರೆಯಲ್ಲಿ ಕಾಪಾಡಿಸಿದ. ದೇವರ ಮಾತಿನ ಮೇಲೆ ಅಷ್ಟು ನಂಬಿಕೆಯಿದ್ದವನಿಗೆ ಪತ್ರ ಮಾಡಿಸುವುದು ಅಪನಂಬಿಕೆಯೆನಿಸಲಿಲ್ಲ. ಪರೀಕ್ಷೆ ಮಾಡುವುದು ಮಾರುವವನಿಗೆ ಅವಮಾನವಲ್ಲ. ನಮ್ಮ ಜಾತ್ರೆಗಳಲ್ಲಿ ರೈತನು ಎತ್ತಿನ ಬಾಯಿ ತೆರೆದು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ. ಮಾರುವವನು ಬೇಸರಪಡುವುದಿಲ್ಲ.

ಕಾರಿಗೂ ಹಲ್ಲುಗಳಿವೆ. ಹಗಲು ಬೆಳಕಿನಲ್ಲಿ, ಮಳೆಯಿಲ್ಲದ ಹೊತ್ತಿನಲ್ಲಿ ನೋಡಿ. ಒದ್ದೆಯಾದ ಮೈ ಬಣ್ಣದ ವ್ಯತ್ಯಾಸವನ್ನು ಮುಚ್ಚುತ್ತದೆ. ಬಾಗಿಲು, ಬಾನೆಟ್ಟುಗಳ ಸಂದುಗಳು ಎರಡೂ ಕಡೆ ಒಂದೇ ಸಮನಿವೆಯೇ? ಮೀಟರು 40,000 ಕಿಲೋಮೀಟರು ತೋರಿಸುತ್ತಿದ್ದು ಬ್ರೇಕಿನ ಪೆಡಲಿನ ರಬ್ಬರು, ಸ್ಟೀರಿಂಗಿನ ಹೊದಿಕೆ ಸವೆದು ನುಣ್ಣಗಾಗಿದ್ದರೆ ಯಾವುದನ್ನು ನಂಬಬೇಕು? ಸರ್ವಿಸ್ ದಾಖಲೆಗಳಲ್ಲಿ ಬರೆದ ಕಿಲೋಮೀಟರುಗಳನ್ನು ಸಾಲಾಗಿ ಓದಿ. ಟೈರಿನ ಮೇಲಿನ ನಾಲ್ಕಂಕಿಯ ಗುರುತಿನಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಒಳಗೆ ಕೆಸರಿನ ಕಲೆ, ನೆಲಹಾಸಿನ ಕೆಳಗೆ ಮಣ್ಣು, ಮುಗ್ಗಲು ವಾಸನೆ ಇದ್ದರೆ ಗಾಡಿ ನೆರೆಯಲ್ಲಿ ಮುಳುಗಿದ್ದೆಂದು ಶಂಕಿಸಬೇಕು. 2015ರಲ್ಲಿ ಚೆನ್ನೈಯಲ್ಲಿ, 2018ರಲ್ಲಿ ಕೇರಳದಲ್ಲಿ ನೆರೆ ಬಂದಾಗ ಎಷ್ಟೋ ವಾಹನಗಳು ನೀರಿನಲ್ಲಿ ಮುಳುಗಿದ್ದವು. ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಿ, ನೀಲಿ ಹೊಗೆ ಬಂದರೆ ಎಣ್ಣೆ ಸುಡುತ್ತಿದೆ ಎಂದು ತಿಳಿಯಿರಿ. ಕೀಲಿ ತಿರುಗಿಸಿದೊಡನೆ ಏರ್‌ಬ್ಯಾಗಿನ ದೀಪ ಹೊತ್ತಿ ಕೆಲವು ಕ್ಷಣಗಳಲ್ಲಿ ಆರಬೇಕು. ಹೊತ್ತದೇ ಇದ್ದರೂ ಸಂಶಯಪಡಬೇಕು, ಆರದಿದ್ದರೂ ಸಂಶಯಪಡಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ಮಾರುವವರಿಗೆ ಸಂಬಂಧಪಡದ ಒಬ್ಬ ಮೆಕ್ಯಾನಿಕ್ಕನ್ನು ಕರೆದೊಯ್ಯಿರಿ. ಅವನಿಗೆ ಕೊಡುವ ಕೂಲಿ ಎಂದೂ ನಷ್ಟವಲ್ಲ.

ಕಾಗದದ ಮಾತು. ಆರ್.ಸಿ.ಯಲ್ಲಿರುವ ಹೆಸರೂ ಎದುರಿಗಿರುವ ವ್ಯಕ್ತಿಯೂ ಒಂದೇ ಎಂದು ಖಚಿತಪಡಿಸಿಕೊಳ್ಳಿ. ಅಲ್ಲಿನ ಎಂಜಿನ್, ಚಾಸಿಸ್ ನಂಬರುಗಳು ಗಾಡಿಯ ಮೇಲೆ ಕೆತ್ತಿದ ನಂಬರುಗಳೊಂದಿಗೆ ಹೊಂದಬೇಕು. ಕೇಂದ್ರ ಸರ್ಕಾರದ ಪರಿವಾಹನ್ ತಾಣದಲ್ಲಿ ನೋಂದಣಿ, ವಿಮೆಗಳ ವಿವರವನ್ನೂ ಬಾಕಿ ದಂಡಗಳನ್ನೂ ನೋಡಬಹುದು. ಬ್ಯಾಂಕಿನ ಸಾಲದ ಮೇಲೆ ಕೊಂಡ ಗಾಡಿಯಾದರೆ ಬ್ಯಾಂಕಿನ ಎನ್.ಒ.ಸಿ. ಮತ್ತು ಫಾರಂ 35 ಬೇಕು. 'ಸಾಲ ತೀರಿದೆ, ಕಾಗದ ಬರುತ್ತದೆ' ಎಂಬ ಮಾತು ಸಾಲದು. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ. ಒಂದೇ ವ್ಯವಹಾರದಲ್ಲಿ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರಿಂದ ನಿಷೇಧಿಸಿದೆ. ಹಸ್ತಾಂತರದ ದಿನಾಂಕ, ಗಂಟೆಗಳನ್ನು ಬರೆದು ಇಬ್ಬರೂ ಸಹಿ ಮಾಡಿ. ಫಾರಂ 29, 30ಗಳನ್ನು ಕೂಡಲೇ ಸಲ್ಲಿಸಿ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ, ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಆರ್.ಟಿ.ಒ. ಕಚೇರಿಗೆ ತಿಳಿಸಬೇಕು. ವಿಮೆಯ ವರ್ಗಾವಣೆಗೆ ಕೊಂಡವರು 14 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ಮಾರಿದವರು ಇದನ್ನು ಅಲಕ್ಷಿಸಬಾರದು. ಗಾಡಿ ಕೈ ಬದಲಾಗಿದ್ದರೂ ಆರ್.ಸಿ.ಯಲ್ಲಿ ಹೆಸರು ಬದಲಾಗದಿದ್ದರೆ, ಅಪಘಾತದ ಪರಿಹಾರದ ಹೊಣೆ ಹೆಸರಿರುವವರದೇ ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪು ನೀಡಿದೆ.

ಕೊಳ್ಳುವವರೂ ತಪ್ಪು ಮಾಡಬಲ್ಲರು. ಕೊಳ್ಳುವಾಗ 'ಕೆಟ್ಟದು, ಕೆಟ್ಟದು' ಎಂದು ಹಳಿದು, ದಾರಿಯಲ್ಲಿ ಹೋಗುತ್ತಾ ಜಂಬ ಕೊಚ್ಚಿಕೊಳ್ಳುವವನ ಚಿತ್ರ ಜ್ಞಾನೋಕ್ತಿಗಳ ಗ್ರಂಥದಲ್ಲೇ ಇದೆ. ಪತಿಯನ್ನು ಕಳೆದುಕೊಂಡ ಮಹಿಳೆ ಮನೆಯಲ್ಲಿ ನಿಂತ ಕಾರನ್ನು ಅದರ ಬೆಲೆ ಅರಿಯದೆ ಅರ್ಧ ಹಣಕ್ಕೆ ಕೊಡಲು ಹೊರಟಾಗ, ಅದನ್ನು ತಿಳಿದೂ ಸುಮ್ಮನೆ ಕೊಳ್ಳುವುದು ಜಾಣತನವೇ? ತಾಮ್ರವೆಂದು ಮಾರಿದ್ದು ಚಿನ್ನವೆಂದು ಗೊತ್ತಿದ್ದೂ ಕೊಂಡವನು ವ್ಯತ್ಯಾಸವನ್ನು ಹಿಂದಿರುಗಿಸಬೇಕೆಂದು ಅಕ್ವಿನಾಸರು ಬರೆದಿದ್ದಾರೆ. ಮೌನದ ಲೆಕ್ಕ ಎರಡೂ ಕಡೆಗೂ ಒಂದೇ.

ಜಗಲಿಯ ಮೇಲೆ

ಆ ಸಂಜೆ ನಾನು ಕರಾರು ಕಾಯಿದೆಯ ಕುದುರೆಯ ಕಥೆಯನ್ನು ಹೇಳಿದೆ. ಹಿರಿಯರು ಬಹಳ ಹೊತ್ತು ಸುಮ್ಮನಿದ್ದು, "ಹೇಳಿದರೆ ಎಂಬತ್ತು ಸಾವಿರವಾದರೂ ಹೋಗುತ್ತದೆ ಸ್ವಾಮಿ. ತಾವಾಗಿದ್ದರೆ ಹೇಳುತ್ತಿದ್ದಿರಾ?" ಎಂದರು.

ನನಗೆ ಕೂಡಲೇ ಉತ್ತರ ಬರಲಿಲ್ಲ. ಬಹಳ ಹಿಂದೆ ವರ್ಗಾವಣೆಯ ಸಮಯದಲ್ಲಿ ನನ್ನ ಹಳೆಯ ಸ್ಕೂಟರನ್ನು ಅಲ್ಲಿನ ಉಪದೇಶಿಗೆ ಮಾರಿದ್ದೆ. ಅದರ ಎಂಜಿನ್ ಕೆಲಸಕ್ಕೆ ಬಂದಿದೆಯೆಂದು ಮೆಕ್ಯಾನಿಕ್ ಎರಡು ಸಲ ಎಚ್ಚರಿಸಿದ್ದ. ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಗುರುಗಳ ಸ್ಕೂಟರಲ್ಲವೇ, ನೋಡುವುದೇನಿದೆ ಎಂದುಕೊಂಡಿದ್ದರು. ಇದನ್ನು ಆ ಹಿರಿಯರಿಗೆ ಹೇಳಿದೆ. ಎಂಬತ್ತು ಸಾವಿರ ಕಳೆದುಕೊಳ್ಳಬೇಕಾದ ಸ್ಥಿತಿಯಲ್ಲಿ ಇರದವನು ಕೊಡುವ ಸಲಹೆ ಅಗ್ಗದ್ದು ಎಂಬುದನ್ನೂ ಒಪ್ಪಿಕೊಂಡೆ. "ಆದರೂ ನೀವು ಹೇಳಬೇಕು ಎಂದೇ ನನಗೆ ಅನ್ನಿಸುತ್ತದೆ" ಎಂದೆ. ಅವರು ಏನೂ ಹೇಳದೆ ಎದ್ದು ಹೋದರು.

ಮರುದಿನ ಅವರೇ ಆ ದಂಪತಿಯ ಮನೆಗೆ ಹೋಗಿ ಎಲ್ಲವನ್ನೂ ಹೇಳಿದರು. ಯುವಕ ಧನ್ಯವಾದ ಹೇಳಿದ, ಆದರೆ ಕಾರನ್ನು ಕೊಳ್ಳಲಿಲ್ಲ. ಹಿರಿಯರು ತಮಗೆ ಮಾರಿದವನನ್ನು ಹುಡುಕಿದರು. ಅವನು ಫೋನು ಎತ್ತಲಿಲ್ಲ. ಕೊನೆಗೆ ಸ್ವಂತ ಖರ್ಚಿನಲ್ಲಿ ಏರ್‌ಬ್ಯಾಗು ಹಾಕಿಸಿ, ಹಳೆಯ ಅಪಘಾತದ ವಿಷಯವನ್ನು ಮಾರಾಟದ ಕಾಗದದಲ್ಲೇ ಬರೆದು, ನಾಲ್ಕು ತಿಂಗಳ ನಂತರ ಬೇರೊಬ್ಬರಿಗೆ ಕಡಿಮೆ ಬೆಲೆಗೆ ಕೊಟ್ಟರು. ದುರಸ್ತಿಯ ಖರ್ಚು, ಇಳಿದ ಬೆಲೆ ಎಲ್ಲ ಸೇರಿ ಅವರು ಹೇಳಿದ ಎಂಬತ್ತು ಸಾವಿರ ಹೋಗಿಯೇ ಹೋಯಿತು. ಆ ಹಣ ಬೇರೆ ಯಾವ ದಾರಿಯಿಂದಲೂ ತಿರುಗಿ ಬರಲಿಲ್ಲ. ಸತ್ಯ ಹೇಳಿದವನಿಗೆ ಇಹದಲ್ಲೇ ಲಾಭವಾಗುತ್ತದೆ ಎಂದು ಬರೆದರೆ ಈ ಲೇಖನದಲ್ಲಿ ನಾನೇ ಒಂದು ದೋಷವನ್ನು ಮುಚ್ಚಿಟ್ಟಂತಾಗುತ್ತದೆ.

ಆ ವರ್ಷದ ಕ್ರಿಸ್ತಜಯಂತಿಯ ಪೂಜೆಯ ನಂತರ ದೇವಾಲಯದ ಅಂಗಳದಲ್ಲಿ ಆ ದಂಪತಿಯ ಮಗು ತಪ್ಪುಹೆಜ್ಜೆ ಇಡುತ್ತಾ ಜನರ ಕಾಲುಗಳ ನಡುವೆ ಓಡಾಡುತ್ತಿತ್ತು. ಹಿರಿಯರು ನನ್ನ ಪಕ್ಕದಲ್ಲಿ ನಿಂತಿದ್ದರು. "ಇದನ್ನು ಕಂಡಾಗ ಮುಖ ತಿರುಗಿಸಬೇಕಾಗಿಲ್ಲ ಸ್ವಾಮಿ" ಎಂದರು. ಬೇರೇನೂ ಹೇಳಲಿಲ್ಲ. ನನಗೆ ಆ ಉಪದೇಶಿಯ ನೆನಪಾಯಿತು. ಹೊಸ ವರ್ಷದ ವಾರದಲ್ಲೇ ಅವರನ್ನು ಕಂಡು ಬಂದೆ. ಆ ಸ್ಕೂಟರಿನ ಎಂಜಿನ್ ಬಿಚ್ಚಿಸಲು ಆಗ ಅವರು ಖರ್ಚು ಮಾಡಿದ್ದ ಹಣವನ್ನು, ಬೇಡವೆಂದರೂ, ಅವರ ಕೈಗಿಟ್ಟೆ.

ಬಂಧುಗಳೇ, ನಾಳೆ ತಮ್ಮ ಮನೆಯಲ್ಲೂ ಒಂದು ಗಾಡಿ ಬರಬಹುದು, ಒಂದು ಗಾಡಿ ಹೋಗಬಹುದು. ಮಾರುವವರು ಬೆಲೆ ಹೇಳುವ ಮುನ್ನ, ನನ್ನ ಮಗಳೇ ಇದನ್ನು ಕೊಳ್ಳುತ್ತಿದ್ದರೆ ಏನನ್ನು ಹೇಳುತ್ತಿದ್ದೆ ಎಂದು ಕೇಳಿಕೊಳ್ಳಿ. ಅದನ್ನೇ ಎದುರಿಗಿರುವವರಿಗೂ ಹೇಳಿ. ಕೊಳ್ಳುವವರು ಎಲ್ಲ ಪರೀಕ್ಷೆಯೂ ಮುಗಿದ ಮೇಲೆ, ನಾಚದೆ ಇನ್ನೊಂದು ಮಾತನ್ನು ಕೇಳಿ: "ಈ ಗಾಡಿಯಲ್ಲಿ ನಿಮ್ಮ ಮಗಳನ್ನು ಕೂರಿಸಿ ಕಳುಹಿಸುವಿರಾ?" ಉತ್ತರ ಬರಲು ತಡವಾದರೆ, ಮುಂಗಡವನ್ನು ಕೊಡಲು ತಾವೂ ಅವಸರಪಡಬೇಡಿ.